ಮೀನಿಗೆ ಮದ್ದು

ಹಸುವಿಗೆ ಕಾಯಿಲೆಯಾದರೆ ಮೇವು ಬಿಡುತ್ತದೆ; ನಾಯಿಯಾದರೆ ಮೂಲೆ ಸೇರಿ ಮುಲುಗುತ್ತದೆ. ಮೀನಿಗೆ ಮುಲುಗಲು ದನಿಯಿಲ್ಲ, ಕಣ್ಣು ಮುಚ್ಚಲು ರೆಪ್ಪೆಯೂ ಇಲ್ಲ. ಅದರ ಸಂಕಟವನ್ನು ನೋಡುವವರೇ ಅರಿತುಕೊಳ್ಳಬೇಕು. ಕೆರೆಗಳ ಸೀಮೆಯಾದ ನಮ್ಮ ತುಮಕೂರು ಜಿಲ್ಲೆಗೆ ಮೀನು ಹೊಸತಲ್ಲ. ಕುಣಿಗಲ್ಲಿನ ಕೆರೆಯು ಜನಪದ ಗೀತೆಯ ಮೂಲಕ ನಾಡಿಗೆಲ್ಲ ಪರಿಚಿತವಾಗಿದೆ; ಗುಬ್ಬಿಗೂ ತುಮಕೂರಿಗೂ ತಮ್ಮ ತಮ್ಮ ಕೆರೆಗಳಿವೆ. ಕೆರೆಯ ಒಂದು ಮೂಲೆಯಲ್ಲಿ ನೀರು ಕೆಟ್ಟರೆ ಮೀನು ಇನ್ನೊಂದು ಮೂಲೆಗೆ ಸರಿಯಬಲ್ಲದು. ಗಾಜಿನ ತೊಟ್ಟಿಯ ಮೀನಿಗೆ ಆ ಸ್ವಾತಂತ್ರ್ಯವಿಲ್ಲ. ನಾವು ಕೊಟ್ಟ ನೀರೇ ಅದರ ಲೋಕ.

ತುಮಕೂರಿನ ನಮ್ಮ ಬೀದಿಯ ಬಾಲಕನೊಬ್ಬನು ಎರಡು ಚಿನ್ನದ ಮೀನುಗಳನ್ನು ಸಾಕಿದ್ದನು. ಒಂದು ದಿನ ಅವುಗಳ ಮೈಮೇಲೆ ಉಪ್ಪಿನ ಹರಳು ಎರಚಿದಂತೆ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡವು. ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಬಾಲಕನು ಔಷಧದ ಸೀಸೆಯೊಂದನ್ನು ತಂದು, “ಸಾರ್, ಬರೆದಿರುವುದರ ಎರಡರಷ್ಟು ಹಾಕಿದರೆ ಬೇಗ ವಾಸಿಯಾಗುವುದಿಲ್ಲವೆ?” ಎಂದು ಕೇಳಿದನು.

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಮೀನಿನ ವಿಷಯದಲ್ಲಿ ಅಕ್ಷರಶಃ ಸತ್ಯ. ನಾವು ಮಾತ್ರೆ ನುಂಗಿದರೆ ಮದ್ದು ನಮ್ಮೊಳಗೆ ಇರುತ್ತದೆ. ಮೀನಾದರೋ ಮದ್ದಿನೊಳಗೇ ಇರುತ್ತದೆ. ಹೆಚ್ಚಾಯಿತೆಂದು ಎದ್ದು ಹೊರಗೆ ಹೋಗುವಂತಿಲ್ಲ. ಆದುದರಿಂದ ಮೊದಲು ಅಳತೆಪಟ್ಟಿಯನ್ನು ತರಿಸಿದೆನು. ತೊಟ್ಟಿಯು 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರವಿದ್ದಿತು. ಲೆಕ್ಕಕ್ಕೆ 54 ಲೀಟರ್. ಆದರೆ ನೀರು ನಿಂತಿದ್ದುದು 25 ಸೆಂಟಿಮೀಟರ್ ಎತ್ತರಕ್ಕೆ; ಎಂದರೆ 45 ಲೀಟರ್. ತಳದ ಮರಳನ್ನೂ ಕಲ್ಲುಗಳನ್ನೂ ಕಳೆದರೆ ಸುಮಾರು 40. ತೊಟ್ಟಿಯ ಗಾತ್ರವನ್ನೇ ನಂಬಿದ್ದರೆ ಮದ್ದು ಮೂರನೆಯ ಒಂದು ಪಾಲಿಗಿಂತಲೂ ಅಧಿಕವಾಗುತ್ತಿತ್ತು. ಅದರ ಇಮ್ಮಡಿಯ ಮಾತನ್ನು ಕೇಳಬೇಕಾಗಿಯೇ ಇಲ್ಲ!

ಮದ್ದಿಗಿಂತ ಮುಂಚೆ ನೀರು ಸರಿಯಾಗಬೇಕು. ತಿನ್ನದೆ ಬಿಟ್ಟ ಆಹಾರವನ್ನು ತೆಗೆದು, ಕಾಲುಭಾಗ ನೀರನ್ನು ಬದಲಿಸಿದೆವು. ನಲ್ಲಿಯ ನೀರಿನಲ್ಲಿ ನಮ್ಮನ್ನು ಕಾಯುವ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ. ಹಾಗಾಗಿ ಹೊಸ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇರಿಸಿದ್ದೆವು. ಇದ್ದಿಲು ಮದ್ದನ್ನು ಹೀರಿಕೊಳ್ಳುವುದರಿಂದ ಶೋಧಕದೊಳಗಿನ ಇದ್ದಿಲನ್ನು ಹೊರತೆಗೆದೆವು; ಗಾಳಿಯ ಗುಳ್ಳೆಗಳು ಎಡೆಬಿಡದೆ ಏಳುವಂತೆ ಮಾಡಿದೆವು. ಇಂಥ ಮದ್ದುಗಳಲ್ಲಿ ಹಲವು ನಮಗೂ ಹಾನಿಕರ. ಆದುದರಿಂದ ಬರಿಗೈ ಸೋಕದಂತೆ ಅಳೆದು ಹಾಕಿದೆವು.

ಮೂರನೆಯ ದಿನ ಚಿಕ್ಕ ಮೀನು ಸತ್ತುಹೋಯಿತು. ಕೆಲವು ದಿನಗಳಲ್ಲಿ ದೊಡ್ಡದರ ಚುಕ್ಕೆಗಳು ಮಾಯವಾದವು. “ಇನ್ನು ಮದ್ದು ಸಾಕಲ್ಲವೆ?” ಎಂದನು ಬಾಲಕ. ಸಾಲದು. ಈ ರೋಗವನ್ನು ತರುವುದು ಏಕಕೋಶದ ಒಂದು ಪರಜೀವಿ. ಅದು ಮೀನಿನ ಚರ್ಮದಡಿ ಇರುವಾಗ ಮದ್ದು ಮುಟ್ಟುವುದಿಲ್ಲ. ಬಲಿತು ತಳಕ್ಕೆ ಉದುರಿ, ನೂರಾರು ಮರಿಗಳಾಗಿ ಒಡೆದು, ಮತ್ತೆ ಮೀನನ್ನು ಅರಸಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಅಳಿದುದು ರೋಗ ಅಳಿದುದಲ್ಲ; ಸೀಸೆಯಲ್ಲಿ ಸೂಚಿಸಿದ ಅವಧಿಯು ಮುಗಿಯಲೇಬೇಕು.

ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಗುಳಿಗೆಯನ್ನು ಕರಗಿಸಿ ಹಾಕಿರೆಂದು ಯಾರೋ ಹೇಳಿದರು. ಅದು ಈ ಪರಜೀವಿಯನ್ನು ಕೊಲ್ಲಲಾರದು. ಬದಲಾಗಿ, ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಕಳೆಯುವ ಉಪಕಾರಿ ಬ್ಯಾಕ್ಟೀರಿಯಗಳನ್ನು ಕೊಲ್ಲಬಹುದು. ಎರಡು ಮದ್ದುಗಳನ್ನು ಬೆರೆಸುವುದೂ ಅಪಾಯವೇ. ಸಂದೇಹವಿದ್ದಲ್ಲಿ ಪಶುವೈದ್ಯರನ್ನು ಕೇಳುವುದು ಲೇಸು.

ಚಿಕ್ಕ ಮೀನು ಸತ್ತ ದಿನ ಬಾಲಕನು ದುಃಖದಿಂದ, “ಇದನ್ನಾದರೂ ಅಮಾನಿಕೆರೆಗೆ ಬಿಟ್ಟುಬಿಡಲೆ?” ಎಂದು ಕೇಳಿದ್ದನು. ಅದು ಕರುಣೆಯ ಮಾತೇ ಸರಿ. ಆದರೆ ರೋಗದ ಮೀನು ಕೆರೆ ಸೇರಿದರೆ ಅದರೊಡನೆ ರೋಗವೂ ಸೇರುತ್ತದೆ. ತೊಟ್ಟಿಗಾಗಿ ಪರದೇಶದಿಂದ ತಂದ ಸಕ್ಕರ್ ಮೀನು ಇಂದು ಭಾರತದ ಎಷ್ಟೋ ಕೆರೆ ಹೊಳೆಗಳನ್ನು ಹೊಕ್ಕು, ಅಲ್ಲಿಯ ಮೀನುಗಳಿಗೆ ಕಂಟಕವಾಗಿದೆ. ಆದುದರಿಂದ ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿದೆವು. ಚಿಕಿತ್ಸೆ ಮುಗಿದ ಬಳಿಕ ಮದ್ದಿನ ನೀರನ್ನು ಇದ್ದಿಲಿನಲ್ಲಿ ಸೋಸಿ, ಮಳೆನೀರಿನ ಚರಂಡಿಗೆ ಬಿಡದೆ, ಒಳಚರಂಡಿ ಸೇರುವ ಬಚ್ಚಲಿಗೆ ಸುರಿದೆವು.

ಒಂದು ಜೀವವನ್ನು ಗಾಜಿನೊಳಗೆ ಇರಿಸಿಕೊಂಡವನು ಅದಕ್ಕೆ ಮಳೆಯೂ ಕೆರೆಯೂ ತಾನೇ ಆಗಬೇಕಾಗುತ್ತದೆ. ಆತುರದಿಂದ ಹನಿಸಿದ ಮದ್ದಿಗಿಂತ ಅಳೆದು ಹಾಕಿದ ಹನಿಯಲ್ಲಿ, ಅದಕ್ಕಿಂತಲೂ ದಿನವೂ ತಿಳಿಯಾಗಿ ಇರಿಸಿದ ನೀರಿನಲ್ಲಿ, ಪ್ರೀತಿಯು ಹೆಚ್ಚಾಗಿರುತ್ತದೆ.