ಶೇಕಡಾ ಎಷ್ಟು?

ತಂಗಿ ಬಿ.ಎ. ಓದುವಾಗ ಅವಳಿಗೆ ಚಾರ್ಲ್ಸ್ ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ ಕಾದಂಬರಿ ಪಾಠಕ್ಕಿತ್ತು. ಮದುವೆಯಾಗಿ ಹೋಗುವಾಗ ಪುಸ್ತಕವನ್ನು ಮನೆಯಲ್ಲೇ ಬಿಟ್ಟುಹೋದಳು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೆ ಕಾದಂಬರಿ ಓದುವ ಅಭ್ಯಾಸ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ರಜೆಗೆ ಬಂದವನು, ಅದು ಕಾರ್ಖಾನೆಯ ಊರಿನ ಕಥೆ ಎಂದು ತಿಳಿದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದೆ.

1854ರ ಕಾದಂಬರಿ ಇದು. ಡಿಕನ್ಸ್ ತಾನೇ ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆಗ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಹತ್ತಿ ಗಿರಣಿಗಳ ಕೆಲಸಗಾರರು ಶೇಕಡಾ 10 ಕೂಲಿ ಹೆಚ್ಚಿಸಿ ಎಂದು ಕೇಳಿದ್ದರು. ಮಾಲೀಕರು ಗಿರಣಿಗಳಿಗೆ ಬೀಗ ಹಾಕಿದ್ದರು. ಡಿಕನ್ಸ್ ಆ ವರ್ಷ ಜನವರಿಯಲ್ಲಿ ಅಲ್ಲಿಗೆ ಹೋಗಿ ನೋಡಿ ಬಂದ. ಕಾದಂಬರಿಯಲ್ಲಿ ಅವನು ಕಟ್ಟಿದ ಊರಿನ ಹೆಸರು ಕೋಕ್‌ಟೌನ್. ಅಲ್ಲಿ ಕೆಲಸಗಾರರನ್ನು ‘ಹ್ಯಾಂಡ್ಸ್’ ಎನ್ನುತ್ತಾರೆ. ಬರೀ ಕೈಗಳು.

ಊರಿನ ದೊಡ್ಡ ಮನುಷ್ಯ ಗ್ರಾಡ್‌ಗ್ರೈಂಡ್. ಹಿಂದೆ ಹಾರ್ಡ್‌ವೇರ್ ಸಗಟು ವ್ಯಾಪಾರ ಮಾಡಿದವನು, ಈಗ ಶಾಲೆ ನಡೆಸುತ್ತಾನೆ. ಅಂಕಿಅಂಶ ಬಿಟ್ಟರೆ ಬೇರೇನೂ ಕಲಿಸಬಾರದು ಎಂಬುದು ಅವನ ನಿಯಮ. ತನ್ನ ಇಬ್ಬರು ಮಕ್ಕಳಿಗೆ ಆಡಂ ಸ್ಮಿತ್, ಮಾಲ್ತಸ್ ಎಂದು ಅರ್ಥಶಾಸ್ತ್ರಜ್ಞರ ಹೆಸರನ್ನೇ ಇಟ್ಟಿದ್ದಾನೆ. ಆ ಕಾಲದ ಇಂಗ್ಲೆಂಡಿನಲ್ಲಿ ಜೆರೆಮಿ ಬೆಂಥಮ್‌ನ ಉಪಯುಕ್ತತಾವಾದಕ್ಕೆ ಬಹಳ ಬೆಲೆ ಇತ್ತು. ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ ಯಾವುದರಿಂದ ಸಿಗುತ್ತದೋ ಅದೇ ಸರಿ ಎನ್ನುವ ಲೆಕ್ಕ ಅದು. ಕೇಳಲು ಕೆಟ್ಟದ್ದೇನಲ್ಲ. ಲೆಕ್ಕಕ್ಕೆ ಸಿಗದೆ ಉಳಿದವರ ಗತಿ ಏನು ಎಂಬುದು ಡಿಕನ್ಸ್‌ನ ಪ್ರಶ್ನೆ.

ಸಿಸ್ಸಿ ಎಂಬ ಸರ್ಕಸ್‌ನವನ ಮಗಳು ಆ ಶಾಲೆಗೆ ಬರುತ್ತಾಳೆ. ಒಂದು ಲಕ್ಷ ಜನ ಸಮುದ್ರಯಾನ ಹೋದರು, 500 ಜನ ಮಾತ್ರ ಮುಳುಗಿಯೋ ಸುಟ್ಟೋ ಸತ್ತರು, ಶೇಕಡಾ ಎಷ್ಟು ಎಂದು ಮಾಸ್ಟ್ರು ಕೇಳುತ್ತಾರೆ. ಸತ್ತವರ ಮನೆಯವರಿಗೆ ಆ ಶೇಕಡಾದಿಂದ ಏನೂ ಆಗಬೇಕಾಗಿಲ್ಲ ಎಂಬ ಅರ್ಥದಲ್ಲಿ ಅವಳು ಉತ್ತರಿಸುತ್ತಾಳೆ. ಶಾಲೆಯ ಲೆಕ್ಕದಲ್ಲಿ ಅದು ತಪ್ಪು ಉತ್ತರ. ಸರಿ ಉತ್ತರ ಅರ್ಧ ಶೇಕಡಾ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಊರಿನಿಂದ ದೂರದ ಒಂದು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಪವರ್ ಪ್ರೆಸ್‌ನಲ್ಲಿ ತಗಡು ಒತ್ತುವ ಕೆಲಸ. ಗಾರ್ಡ್ ಇದ್ದರೆ ಪ್ರತಿ ಪೀಸಿಗೂ ಕೆಲವು ಸೆಕೆಂಡ್ ಹೆಚ್ಚು ಬೇಕು. ತಿಂಗಳ ಕೊನೆ, ಟಾರ್ಗೆಟ್ ಬಾಕಿ ಇತ್ತು. ಗಾರ್ಡ್ ತೆಗೆಯಲು ಹೇಳಿದವನು ನಾನೇ. ಎರಡನೇ ದಿನ ಒಬ್ಬ ಹೆಲ್ಪರ್ ಎರಡು ಬೆರಳು ಕಳೆದುಕೊಂಡ. ತಿಂಗಳ ಶೀಟಿನಲ್ಲಿ ನಾನು ತುಂಬಿಸಿದ್ದು ಹೀಗೆ: 240 ಜನ, ಅಪಘಾತ 1, ಶೇಕಡಾ 0.42. ಮೇಲಿನವರು ಏನೂ ಕೇಳಲಿಲ್ಲ.

ಊರಿಗೆ ಬಂದಾಗ ಉಪ್ಪನಿಗೆ ವಿಷಯ ಹೇಳಿದೆ, ಗಾರ್ಡ್‌ನ ಮಾತು ಬಿಟ್ಟು. ಉಪ್ಪ ಅಂಗಡಿಯ ಗಲ್ಲದಲ್ಲಿ ಕುಳಿತು ಸಾಲದ ಪುಸ್ತಕ ಬರೆಯುತ್ತಿದ್ದರು. ಆ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿಗೆ ಒಂದು ಪುಟ. “ಆ ಹುಡುಗನ ಹೆಸರೇನು?” ಎಂದು ಬ್ಯಾರಿಯಲ್ಲೇ ಕೇಳಿದರು. ನನಗೆ ಟೋಕನ್ ನಂಬರ್ ಮಾತ್ರ ಗೊತ್ತಿತ್ತು.

ಡಿಕನ್ಸ್ ಹೇಳಿದ್ದೆಲ್ಲ ಸರಿ ಎನ್ನುವುದಿಲ್ಲ. ಪ್ರೆಸ್ಟನ್‌ನಲ್ಲಿ ಕೆಲಸಗಾರರು ಶಿಸ್ತಿನಿಂದ ಸಭೆ ನಡೆಸಿದ್ದನ್ನು ಕಂಡು ಅವನೇ ಪತ್ರಿಕೆಯಲ್ಲಿ ಬರೆದಿದ್ದ. ಆದರೆ ಕಾದಂಬರಿಯಲ್ಲಿ ಕಾರ್ಮಿಕ ನಾಯಕ ಸ್ಲ್ಯಾಕ್‌ಬ್ರಿಜ್ ಬರೀ ಬಾಯಿಬಡುಕ. ನೇಕಾರ ಸ್ಟೀಫನ್ ಬ್ಲ್ಯಾಕ್‌ಪೂಲ್ ಸಂಘಕ್ಕೂ ಸೇರದೆ, ಮಾಲೀಕನಿಂದಲೂ ಹೊರಬಿದ್ದು, ಕೊನೆಗೆ ಯಾರೂ ಮುಚ್ಚದೆ ಬಿಟ್ಟ ಹಳೆಯ ಗಣಿಗುಂಡಿಗೆ ಬಿದ್ದು ಸಾಯುತ್ತಾನೆ. ಒಳ್ಳೆಯ ಮನಸ್ಸಿದ್ದರೆ ಸಾಕು ಎಂಬಂತೆ ಡಿಕನ್ಸ್ ಬರೆಯುತ್ತಾನೆ. ಕಾರ್ಖಾನೆಯಲ್ಲಿ ಅದು ಸಾಲದು, ಕಾನೂನೂ ಬೇಕು. ಯಂತ್ರಗಳಿಗೆ ಬೇಲಿ ಹಾಕಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1844ರಲ್ಲೇ ಬಂದಿತ್ತು. ಹತ್ತು ವರ್ಷದ ಮೇಲೂ ಬೇಲಿಯಿಲ್ಲದ ಯಂತ್ರಗಳು ಕೈಕಾಲು ತೆಗೆಯುತ್ತಿವೆ ಎಂದು ಹೆನ್ರಿ ಮಾರ್ಲಿ ಅದೇ ಪತ್ರಿಕೆಯಲ್ಲಿ ಬರೆದ. ಆಗ ಈ ಕಾದಂಬರಿಯ ಕಂತುಗಳು ಬರುತ್ತಿದ್ದವು. ನಮ್ಮ ಕಾರ್ಖಾನೆಯಲ್ಲೂ ಗಾರ್ಡ್ ಇಲ್ಲದೆ ಇರಲಿಲ್ಲ. ತೆಗೆಸಿದ್ದು ನಾನು.

ಲೆಕ್ಕ ಬೇಡವೆಂದಲ್ಲ. ನನ್ನ ಹೊಟ್ಟೆಪಾಡೇ ಲೆಕ್ಕ. ಉಪ್ಪನೂ ಜೀವಮಾನವಿಡೀ ಲೆಕ್ಕ ಬರೆದವರೇ.

ಪುಸ್ತಕ ಮುಗಿದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರಿಂದ ಆ ಹುಡುಗನ ಹೆಸರು, ನಂಬರ್ ತೆಗೆದುಕೊಂಡೆ. ಒಂದು ಶುಕ್ರವಾರ ಜುಮಾ ಮುಗಿಸಿ ಬಂದು ಫೋನ್ ಮಾಡಿದೆ. ತನ್ನ ಊರಿನಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಗಾರ್ಡ್ ತೆಗೆಯಲು ಹೇಳಿದವನು ನಾನು ಎಂದೆ. “ಗೊತ್ತಿತ್ತು ಸಾಬ್” ಎಂದು ಹಿಂದಿಯಲ್ಲಿ ಹೇಳಿ ಸುಮ್ಮನಾದ. ಆಮೇಲೆ ಮನೆಯವರೆಲ್ಲ ಹೇಗಿದ್ದಾರೆ ಎಂದು ನನ್ನನ್ನೇ ವಿಚಾರಿಸಿದ.

ನಮ್ಮ ಹುಡುಗರಲ್ಲಿ ಊರಲ್ಲೂ ಗಲ್ಫಿನಲ್ಲೂ ಸೂಪರ್‌ವೈಸರ್, ಸೇಫ್ಟಿ ಆಫೀಸರ್ ಆಗಿರುವವರು ತುಂಬಾ ಇದ್ದಾರೆ. ಶೀಟು ತುಂಬಿಸುವುದು ಅವರ ಕೆಲಸ, ತುಂಬಿಸಲಿ. ಆ ಒಂದು ಅಂಕಿಯ ಪಕ್ಕದಲ್ಲಿ, ತಮಗೆ ಮಾತ್ರ ಕಾಣುವಂತಾದರೂ, ಒಂದು ಹೆಸರು ಬರೆದಿಟ್ಟುಕೊಳ್ಳಲಿ.