ಸನ್ನತಿಯಲ್ಲಿ ಒಂದು ಹುಣ್ಣಿಮೆ

ಅತಿಥಿಗಳಿಗೆ ಅನ್ನವಿಟ್ಟು ಉಪಚರಿಸುವುದು ನಮ್ಮ ನಾಡಿನಲ್ಲಿ ಮನೆಮನೆಗೂ ತಿಳಿದ ಧರ್ಮ. ಆದರೆ ಅವರ ಶ್ರದ್ಧೆಯನ್ನು ಅದಿರುವಂತೆಯೇ ಗೌರವಿಸುವುದು ಅಷ್ಟು ಸುಲಭವಲ್ಲ. ಕಲಬುರಗಿಯ ಗೃಹಸ್ಥರೊಬ್ಬರಿಗೆ ಇದು ಒಂದು ಹುಣ್ಣಿಮೆಯ ದಿನ ಅನುಭವಕ್ಕೆ ಬಂದಿತು.

ಹಿಂದೆ ಅವರ ಸಹಾಧ್ಯಾಯಿಯಾಗಿದ್ದ ಶ್ರೀಲಂಕೆಯ ಮಿತ್ರರು ಪತ್ನೀಸಮೇತರಾಗಿ ಬಂದಿದ್ದರು. ಇಬ್ಬರೂ ಬೌದ್ಧರು. ರಾಯರು ಅವರನ್ನು ಭೀಮಾತೀರದ ಸನ್ನತಿಗೆ ಕರೆದೊಯ್ದರು. ರಾಯರ ಮನೆಯಾಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ, ಮೊಸರುಗಳ ಬುತ್ತಿ ಕಟ್ಟಿದ್ದರು. ಅಂದು ಮಿತ್ರರ ಪತ್ನಿ ಅಷ್ಟಶೀಲವನ್ನು ಹಿಡಿದಿದ್ದರು. ಶ್ವೇತವಸ್ತ್ರವನ್ನುಟ್ಟಿದ್ದರು, ಮಧ್ಯಾಹ್ನ ಕಳೆದ ಮೇಲೆ ಆಹಾರವನ್ನು ಮುಟ್ಟುವಂತಿರಲಿಲ್ಲ. ಅದು ತಿಳಿದೊಡನೆ ಮನೆಯಾಕೆ, "ನಮ್ಮ ಏಕಾದಶಿಯಂತೆಯೇ ಆಯಿತು" ಎಂದು ಹನ್ನೊಂದು ಗಂಟೆಗೇ ಹೊಳೆಯ ದಂಡೆಯ ಬೇವಿನ ನೆರಳಿನಲ್ಲಿ ಎಲೆ ಹಾಕಿದರು. ಬೌದ್ಧರ 'ಉಪೋಸಥ'ವು ವೈದಿಕರ 'ಉಪವಸಥ' ಶಬ್ದದಿಂದಲೇ ಬಂದುದೆಂದು ರಾಯರು ವಿವರಿಸಿದರು. ಎಲ್ಲರಿಗೂ ಸಂತೋಷವಾಯಿತು.

ಆ ಸಂತೋಷದ ಭರದಲ್ಲಿ ರಾಯರು, "ತಾವೇನು ಪರಕೀಯರೆ? ಬುದ್ಧನು ನಮ್ಮ ವಿಷ್ಣುವಿನ ಒಂಬತ್ತನೆಯ ಅವತಾರವಲ್ಲವೆ?" ಎಂದುಬಿಟ್ಟರು. ಆದರದಿಂದಲೇ ಆಡಿದ ಮಾತು. ಮಿತ್ರರು ನಸುನಕ್ಕು, ಹೊಳೆಯ ಕಡೆಗೆ ಮುಖ ತಿರುಗಿಸಿ ಕುಳಿತರು. ಅವರ ಪತ್ನಿ ಉಳಿದ ರೊಟ್ಟಿಯನ್ನು ಎಲೆಯಲ್ಲಿಯೇ ಬಿಟ್ಟರು.

ಊಟವಾದ ಮೇಲೆ ಸಮೀಪದ ಕನಗನಹಳ್ಳಿಯ ಮಹಾಸ್ತೂಪದ ನೆಲೆಗೆ ಹೋದರು. 1990ರ ದಶಕದ ಉತ್ಖನನದಲ್ಲಿ ಇಲ್ಲಿ ದೊರೆತ ಶಿಲ್ಪವೊಂದರಲ್ಲಿ ರಾಣಿಯೊಡನೆ ನಿಂತಿರುವ ಅರಸನಿಗೆ 'ರಾಯೋ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದಿದೆ. ತಮ್ಮ ದ್ವೀಪಕ್ಕೆ ಧರ್ಮವನ್ನು ತಂದ ಮಹೇಂದ್ರನ ತಂದೆಯೆಂದು ಸಿಂಹಳರು ನೆನೆಯುವ ಅರಸನು ಇವನೇ. ದಂಪತಿಗಳು ಪಾದರಕ್ಷೆಗಳನ್ನು ಕಳಚಿ ಬಹಳ ಹೊತ್ತು ಕೈಮುಗಿದು ನಿಂತರು.

ಅಲ್ಲಿಂದ ಚಂದ್ರಲಾಂಬೆಯ ಗುಡಿಗೆ ಬಂದರು. 1986ರಲ್ಲಿ ಆ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತ್ತು. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ರಂಧ್ರ ಕೊರೆದುದರಿಂದ ಹಲವು ಅಕ್ಷರಗಳು ಅಳಿದುಹೋಗಿದ್ದವು. ಬೌದ್ಧರ ಮುಂದೆ ಇದನ್ನು ಹೇಳಲು ರಾಯರಿಗೆ ಸಂಕೋಚ, ಆದರೂ ಮರೆಮಾಚಲಿಲ್ಲ. ಆ ಕಲ್ಲಿನಲ್ಲಿರುವ ಹನ್ನೆರಡನೆಯ ಧರ್ಮಲಿಪಿಯ ತಾತ್ಪರ್ಯವನ್ನೂ ಹೇಳತೊಡಗಿದರು. ಪರಮತಗಳನ್ನು ಗೌರವಿಸಬೇಕೆಂಬುದೂ ಅದಕ್ಕೆ ವಾಕ್ಸಂಯಮವೇ ಮೂಲವೆಂಬುದೂ ಆ ಲಿಪಿಯ ಬೋಧೆ. 'ವಾಕ್ಸಂಯಮ' ಎನ್ನುವಲ್ಲಿಗೆ ರಾಯರ ಮಾತು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ, "ಊಟದ ಹೊತ್ತಿನಲ್ಲಿ ನಾನು ಆಡಿದುದು ಸರಿಯಲ್ಲ, ಕ್ಷಮಿಸಬೇಕು" ಎಂದರು.

"ನಾವು ಬುದ್ಧನನ್ನು ಯಾರ ಅವತಾರವೆಂದೂ ಎಣಿಸುವುದಿಲ್ಲ, ರಾಯರೆ. ಆಗಲೇ ಅದನ್ನು ಹೇಳದೆ ಮುಖ ತಿರುಗಿಸಿದ್ದು ನನ್ನ ತಪ್ಪು" ಎಂದರು ಮಿತ್ರರು. ಬಳಿಕ ದಂಪತಿಗಳು ದೇವಿಯ ಮುಂದೆ ತಾವಾಗಿಯೇ ಕೈಮುಗಿದರು.

ಹಿಂದಿರುಗುವಾಗ ದಾರಿಯ ಚಹಾದಂಗಡಿಯ ಮುಂದೆ ವಾಹನ ನಿಂತಿತು. ರಾಯರು ಏನನ್ನೂ ತರಿಸುವ ಮೊದಲು, "ತಂಗೀ, ತಮ್ಮ ವ್ರತಕ್ಕೆ ಯಾವುದು ಸಲ್ಲುತ್ತದೆ?" ಎಂದು ಕೇಳಿದರು.

"ಹಾಲಿಲ್ಲದ ಚಹಾ ಸಲ್ಲುತ್ತದೆ, ಅಣ್ಣ."

ಆ ಸಂಜೆ ನಾಲ್ವರೂ ಹಾಲಿಲ್ಲದ ಚಹಾವನ್ನೇ ಕುಡಿದರು.