ಮೂವತ್ತೊಂದು ವರ್ಷಗಳ ಪ್ರಶ್ನೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಚಿಕ್ಕಜಾಲದ ಕಡೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಎಂಟನೇ ತರಗತಿ, ವಿಜ್ಞಾನ, ಘಟಕ ‘ಘರ್ಷಣೆ’. ಒಂದು ಕಡೆ ಬಳ್ಳಾರಿ ರಸ್ತೆಯ ವಾಹನಗಳ ಸದ್ದು, ತಲೆಯ ಮೇಲೆ ವಿಮಾನಗಳ ಸದ್ದು. ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ವಾಕ್ಯ ಮುಂದುವರಿಸುವುದನ್ನು ಮೊದಲ ವಾರದಲ್ಲೇ ಕಲಿತೆ. ಮಕ್ಕಳು ಮಾತ್ರ ವಿಮಾನವನ್ನು ತಲೆಯೆತ್ತಿಯೂ ನೋಡುವುದಿಲ್ಲ. ಸಮುದ್ರ ನೋಡಿದವರು ಯಾರು ಎಂದು ಕೇಳಿದಾಗ ಮೂವತ್ತೆಂಟು ಜನರಲ್ಲಿ ನಾಲ್ಕು ಕೈಗಳು ಮೇಲೆದ್ದವು.

ನೀರು ಮತ್ತು ಗಾಳಿ ಒಡ್ಡುವ ಘರ್ಷಣೆ ಆ ದಿನದ ಉಪಘಟಕ. ಮೀನು, ಹಕ್ಕಿ, ವಿಮಾನದ ಆಕಾರದ ಉದಾಹರಣೆಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇರೆ ಏನಾದರೂ ಬೇಕಿತ್ತು. ಬಿ.ಎಸ್ಸಿ. ಓದುವಾಗ ಚಹಾ ಸಾಗಿಸುತ್ತಿದ್ದ ಹಾಯಿಹಡಗುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದ್ದೆ. ಅದೇ ಪೀಠಿಕೆ ಎಂದು ತೀರ್ಮಾನಿಸಿದೆ. ಎರಡು ರಾತ್ರಿ ಕೂತು ಚಾರ್ಟ್ ಬರೆದೆ.

ಪಾಠ ಚೆನ್ನಾಗಿಯೇ ಶುರುವಾಯಿತು. 1866ರ ಮೇ ಕೊನೆಯಲ್ಲಿ ಚೀನಾದ ಫೂಚೌ ಬಂದರಿನಿಂದ ಹೊಸ ಚಹಾ ತುಂಬಿಕೊಂಡು ಲಂಡನ್ನಿಗೆ ಹೊರಟ ಹಡಗುಗಳ ಕಥೆ ಹೇಳಿದೆ. ವರ್ಷದ ಮೊದಲ ಚಹಾ ತಂದ ಹಡಗಿಗೆ ಹೆಚ್ಚಿನ ಬಾಡಿಗೆ ಸಿಗುತ್ತಿತ್ತು. ಅದಕ್ಕೇ ಈ ಓಟ. ಹಿಂದೂ ಮಹಾಸಾಗರ ದಾಟಿ, ಆಫ್ರಿಕಾದ ತುದಿ ಸುತ್ತಿ, ಅಟ್ಲಾಂಟಿಕ್ಕಿನಲ್ಲಿ ಮೇಲಕ್ಕೆ ಹೋಗಬೇಕು. ತೊಂಬತ್ತೊಂಬತ್ತು ದಿನಗಳ ಪ್ರಯಾಣದ ನಂತರ ಸೆಪ್ಟೆಂಬರ್ 6ರಂದು ತೈಪಿಂಗ್ ಮತ್ತು ಏರಿಯಲ್ ಎಂಬ ಎರಡು ಹಡಗುಗಳು ಲಂಡನ್ನಿನ ಹಡಗುಕಟ್ಟೆ ಸೇರಿದಾಗ ಅವುಗಳ ನಡುವೆ ಇದ್ದ ಅಂತರ ಸುಮಾರು ಅರ್ಧ ಗಂಟೆ. ಮೂರನೆಯದಾದ ಸೆರಿಕಾ ಅದೇ ದಿನ ಬಂತು. ಬಹುಮಾನವನ್ನು ತೈಪಿಂಗ್ ಮತ್ತು ಏರಿಯಲ್ ಹಂಚಿಕೊಂಡವು ಎಂದಾಗ ತರಗತಿಯಲ್ಲಿ ‘ಅಯ್ಯೋ’ ಎಂಬ ಉದ್ಗಾರ ಬಂತು.

ಇಷ್ಟು ವೇಗ ಹೇಗೆ ಬಂತು? ಆಗ ಪ್ಲಾಸ್ಟಿಕ್ ಟಬ್ ಹೊರತೆಗೆದೆ. ಒಂದು ಮೊಂಡು ಮುಖದ ಮರದ ತುಂಡು, ಇನ್ನೊಂದು ಚೂಪು ಮುಖದ್ದು, ತೂಕ ಎರಡಕ್ಕೂ ಒಂದೇ. ಎರಡಕ್ಕೂ ದಾರ ಕಟ್ಟಿ, ದಾರದ ತುದಿಗೆ ಒಂದೇ ತೂಕದ ನಟ್ಟು ಇಳಿಬಿಟ್ಟು ಎಳೆಸಿದೆವು. ಚೂಪಿನದು ಮೊದಲು ಮುಟ್ಟಿತು. ಆಮೇಲೆ ಅದಕ್ಕೆ ಗೋಣಿಯ ಚೂರು ಸುತ್ತಿ ಎಳೆದರೆ ಅದೂ ನಿಧಾನವಾಯಿತು. ಸಮುದ್ರದಲ್ಲಿ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟಿಕೊಂಡು ಹೀಗೇ ಘರ್ಷಣೆ ಹೆಚ್ಚಿಸುತ್ತವೆ, ಅದನ್ನು ತಡೆಯಲು ಕಟ್ಟಿ ಸಾರ್ಕ್ ಎಂಬ ಹಡಗಿನ ತಳಕ್ಕೆ ತಾಮ್ರ ಮತ್ತು ಸತುವಿನ ಮಿಶ್ರಲೋಹದ ತಗಡು ಹೊದಿಸಿದ್ದರು ಎಂದು ಹೇಳಿದೆ. ಕಬ್ಬಿಣದ ಚೌಕಟ್ಟು, ಮೇಲೆ ಎಲ್ಮ್ ಮತ್ತು ತೇಗದ ಹಲಗೆ, ಅದರ ಮೇಲೆ ತಗಡು. ನಡುವೆ ಮರ ಯಾಕೆ? ತಾಮ್ರವೂ ಕಬ್ಬಿಣವೂ ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಿಂದೆ ಕೂತಿದ್ದ ಮಾರ್ಗದರ್ಶಕರು ತಲೆಯಾಡಿಸಿದ್ದು ಕಂಡಿತು.

ಮುಗಿಸುವಾಗ ಅವಸರದಲ್ಲಿ ಒಂದು ಮಾತು ಹೇಳಿದೆ: “ಆಮೇಲೆ ಉಗಿಹಡಗು ಬಂತು, ಅದು ಜಾಸ್ತಿ ವೇಗ ಇತ್ತು, ಹಾಯಿಹಡಗು ಹೋಯ್ತು.”

ಕೊನೆಯ ಬೆಂಚಿನ ಹುಡುಗ ಎದ್ದ. ಆವರೆಗೆ ಅವನು ಒಂದು ಮಾತೂ ಆಡಿರಲಿಲ್ಲ. “ಮಿಸ್, 1838ರಲ್ಲೇ ಉಗಿಹಡಗು ಅಟ್ಲಾಂಟಿಕ್ ದಾಟ್ತು ಅಂತ ನೀವೇ ಚಾರ್ಟಲ್ಲಿ ಬರ್ದಿದ್ದೀರ. ಈ ಕಟ್ಟಿ ಸಾರ್ಕ್ ಕಟ್ಟಿದ್ದು 1869. ಮೂವತ್ತೊಂದು ವರ್ಷ ಆಗಿತ್ತಲ್ಲ, ಮತ್ಯಾಕೆ ಹಾಯಿಹಡಗೇ ಕಟ್ಟಿದ್ರು?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಹಿಂದೆ ಕೂತವರ ಭಯ. “ಅವ್ರಿಗೆ ಹಳೇ ಅಭ್ಯಾಸ ಬಿಟ್ಟಿರ್ಲಿಲ್ಲ ಕಣೋ, ಕೂತ್ಕೋ” ಎಂದೆ. ಕೆಲವರು ನಕ್ಕರು. ಅವನು ಕೂತ. ಗಂಟೆ ಹೊಡೆಯಿತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಪೀಠಿಕೆ, ಪ್ರಯೋಗ ಎರಡನ್ನೂ ಮೆಚ್ಚಿ ಬರೆದಿದ್ದರು. ಕೊನೆಯ ಸಾಲು ಇಷ್ಟೇ: ‘ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರ?’ ಜೊತೆಗಿದ್ದ ಗೆಳತಿ, “ಬಿಡೇ, ನಾಳೆಗೆ ಅವ್ನೇ ಮರ್ತಿರ್ತಾನೆ” ಎಂದಳು. ಅವನು ಮರೆಯಬಹುದು. ಆದರೆ ಪ್ರಶ್ನೆ ಕೇಳಿದರೆ ನಗೆಪಾಟಲಾಗುತ್ತೇನೆ ಎಂಬುದನ್ನು ಮರೆಯುವುದಿಲ್ಲ. ನಾನೂ ಹಳ್ಳಿ ಶಾಲೆಯ ಕೊನೆಯ ಬೆಂಚಿನವಳೇ.

ಆ ರಾತ್ರಿ ಹುಡುಕಿ ಓದಿದೆ. ಹುಡುಗನ ಲೆಕ್ಕ ಸರಿಯಾಗಿತ್ತು, ತಪ್ಪಿದ್ದು ನನ್ನ ಮಾತು. ಉಗಿಹಡಗಿಗೆ ಬೇಕಿದ್ದದ್ದು ಕಲ್ಲಿದ್ದಲು. ಹಳೆಯ ಎಂಜಿನ್‌ಗಳು ಅದನ್ನು ವಿಪರೀತ ತಿನ್ನುತ್ತಿದ್ದವು. ಆಫ್ರಿಕಾ ಸುತ್ತಿ ಹೋಗುವಷ್ಟು ದೂರಕ್ಕೆ ಕಲ್ಲಿದ್ದಲು ತುಂಬಿಕೊಂಡರೆ ಸರಕಿಗೆ ಜಾಗ ಉಳಿಯುತ್ತಿರಲಿಲ್ಲ. ಗಾಳಿಗೆ ದುಡ್ಡು ಕೊಡಬೇಕಿಲ್ಲ, ಅದಕ್ಕೆ ಜಾಗವೂ ಬೇಡ. ಹಾಗಾಗಿ ದೂರದ ದಾರಿಯಲ್ಲಿ ಹಾಯಿಹಡಗೇ ಲಾಭ. 1860ರ ದಶಕದಲ್ಲಿ ಕಡಿಮೆ ಕಲ್ಲಿದ್ದಲು ಸುಡುವ ಎಂಜಿನ್‌ಗಳು ಬಂದವು. 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆಯಿತು. ಮುಂಬಯಿಯಿಂದ ಲಂಡನ್ನಿಗೆ ದಾರಿ ಸುಮಾರು 8,000 ಕಿಲೋಮೀಟರಿನಷ್ಟು ತಗ್ಗಿತು. ಆದರೆ ಕಿರಿದಾದ ಕಾಲುವೆಯಲ್ಲಿ ಹಾಯಿಹಡಗನ್ನು ಎಳೆದುಕೊಂಡು ಹೋಗಬೇಕು. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಹೆಚ್ಚಾಗಿ ಬೀಸುವುದು ಉತ್ತರದ ಗಾಳಿ, ಅಂದರೆ ಯುರೋಪಿನ ಕಡೆ ಹೋಗುವವರಿಗೆ ಎದುರುಗಾಳಿ. ಆ ಹತ್ತಿರದ ದಾರಿ ಉಗಿಹಡಗಿಗೆ ಮಾತ್ರ ಹತ್ತಿರ. ಕಟ್ಟಿ ಸಾರ್ಕ್ ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ನೀರಿಗಿಳಿದದ್ದು ಕಾಲುವೆ ತೆರೆದ ಐದೇ ದಿನಕ್ಕೆ, ನವೆಂಬರ್ 22ರಂದು. ಕೆಲವೇ ವರ್ಷಗಳಲ್ಲಿ ಅದು ಚಹಾ ಬಿಟ್ಟು ಬೇರೆ ಸರಕು ಹೊತ್ತು, ಮುಂದೆ ಆಸ್ಟ್ರೇಲಿಯಾದ ಉಣ್ಣೆ ಸಾಗಿಸಿ ಹೆಸರು ಮಾಡಿತು. ಈಗ ಲಂಡನ್ನಿನ ಗ್ರೀನಿಚ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಮುಂದಿನ ಪಾಠಕ್ಕೂ ಮಾರ್ಗದರ್ಶಕರು ಬರುವವರಿದ್ದರು. ಪಾಠ ಯೋಜನೆಗೆ ಅವರ ಸಹಿ ಆಗಿತ್ತು. ಅದರಲ್ಲಿ ಹಡಗಿರಲಿಲ್ಲ. ತರಗತಿಗೆ ಹೋಗುವ ಮುಂಚೆ, “ಸರ್, ಮೊದಲ ಹತ್ತು ನಿಮಿಷ ಯೋಜನೆಯಲ್ಲಿ ಇಲ್ಲದ್ದು ಮಾಡ್ಬೇಕು. ನಿನ್ನೆ ಒಂದು ತಪ್ಪು ಹೇಳಿದೀನಿ” ಎಂದೆ. “ನಿಮ್ಮ ತರಗತಿ, ನಿಮ್ಮ ಸಮಯ” ಎಂದಷ್ಟೇ ಹೇಳಿದರು.

“ನಿನ್ನೆ ಇವ್ನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೊಟ್ಟ ಉತ್ತರ ತಪ್ಪು” ಎಂದು ಶುರು ಮಾಡಿದೆ. ಉತ್ತರವನ್ನು ನೇರವಾಗಿ ಹೇಳದೆ ಒಂದು ಲಾರಿಯ ಲೆಕ್ಕ ಕೊಟ್ಟೆ. ಇಲ್ಲಿಂದ ದಿಲ್ಲಿಗೆ ಟೊಮ್ಯಾಟೊ ಹೋಗಬೇಕು. ದಾರಿಯಲ್ಲಿ ಒಂದೂ ಬಂಕ್ ಇಲ್ಲ. ಡೀಸೆಲನ್ನೆಲ್ಲ ಡ್ರಮ್ಮುಗಳಲ್ಲಿ ಲಾರಿಯೊಳಗೇ ತುಂಬಿಕೊಳ್ಳಬೇಕು. ಅದೇ ಹುಡುಗ ಕೂತಲ್ಲಿಂದಲೇ ಹೇಳಿದ: “ಹಂಗಾದ್ರೆ ಟೊಮ್ಯಾಟೊಗೆ ಜಾಗ ಎಲ್ಲಿರತ್ತೆ ಮಿಸ್?” ಅವನ ಅಪ್ಪ ಯಶವಂತಪುರದ ಯಾರ್ಡಿಗೆ ಟೆಂಪೊ ಓಡಿಸುತ್ತಾರಂತೆ. ಮಿಕ್ಕಿದ್ದನ್ನು ತರಗತಿಯೇ ಬಿಡಿಸಿತು. ಬಂಕ್ ಹತ್ತಿರ ಹತ್ತಿರ ಬಂದರೆ? ದಾರಿ ಚಿಕ್ಕದಾದರೆ? ಎಂಜಿನ್ ಕಡಿಮೆ ಕುಡಿದರೆ? ಮೂರೂ ಸೇರಿದಾಗ ಲಾರಿ ಗೆಲ್ಲುತ್ತದೆ.

ಅಷ್ಟರಲ್ಲಿ ಇನ್ನೊಂದು ಕೈ ಎದ್ದಿತು. ರಸ್ತೆ ಬದಿಯಲ್ಲಿ ಸಣ್ಣ ಹೋಟೆಲ್ ನಡೆಸುವವರ ಮಗಳು. “ಮಿಸ್, ನಾವು ಕುಡಿಯೋದು ಕಾಫಿ. ಕಾಫಿ ಹಡಗು ಇರ್ಲಿಲ್ವಾ?”

ಈ ಸಲ ಹೆದರಲಿಲ್ಲ. “ನಂಗೆ ಗೊತ್ತಿಲ್ಲ, ಓದ್ಕೊಂಡು ಬರ್ತೀನಿ” ಎಂದು ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಸುತ್ತ ಗೆರೆ ಎಳೆದೆ.

ಓದಿದಾಗ ಸಿಕ್ಕಿದ್ದು ನಮ್ಮದೇ ಕರಾವಳಿಯ ಕಥೆ. ನಮ್ಮ ಪಶ್ಚಿಮ ಕರಾವಳಿಯಿಂದಲೂ ಕಾಫಿ ಬೀಜ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಯುರೋಪಿಗೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಹಸಿರು ಬೀಜ ಊದಿಕೊಳ್ಳುತ್ತಿತ್ತು, ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಅಲ್ಲಿನವರು ಅದೇ ಕಾಫಿಯ ರುಚಿ ಎಂದುಕೊಂಡರು. ಕಾಲುವೆ ಮತ್ತು ಉಗಿಹಡಗು ಬಂದು ಪ್ರಯಾಣ ಚಿಕ್ಕದಾದಾಗ ಬೀಜ ಹಸಿರಾಗಿಯೇ ತಲುಪಿತು. ಹಳೆಯ ರುಚಿ ಬೇಕೆಂದವರಿಗಾಗಿ ಕರಾವಳಿಯಲ್ಲಿ ಒಂದು ವಿಧಾನ ಬೆಳೆಯಿತು. ಇಂದಿಗೂ ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬದಿ ತೆರೆದ ಗೋದಾಮುಗಳಲ್ಲಿ ಬೀಜ ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ, ಮಳೆಗಾಳಿ ನಡುವೆ ನುಗ್ಗುವಂತೆ ಜೋಡಿಸುತ್ತಾರೆ. ‘ಮಾನ್ಸೂನ್ಡ್ ಮಲಬಾರ್’ ಎಂಬ ಈ ಕಾಫಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಚಹಾ ಹಡಗುಗಳ ಕೆಲಸ ಕಸಿದ ಕಾಲುವೆಯೇ ನಮ್ಮ ಮಳೆಗಾಳಿಗೆ ಹಡಗಿನ ಕೆಲಸ ಕೊಟ್ಟಿತು.

ಹಾಸ್ಟೆಲಿನ ಗೆಳತಿ ಚಿಕ್ಕಮಗಳೂರಿನವಳು. ಅವಳ ಮನೆಯಿಂದ ಹಸಿರು ಬೀಜ ತರಿಸಿದೆ. ಶಾಲೆಯ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಒದ್ದೆ ಬಟ್ಟೆಯ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಬೀಜ ಹರಡಿ ಡಬ್ಬಿಯ ಮುಚ್ಚಳ ಹಾಕಿದೆವು. ಐದು ದಿನಕ್ಕೆ 106 ಗ್ರಾಂ. ಬಣ್ಣ ಸ್ವಲ್ಪ ಮಾಸಿತ್ತು. ಆದರೆ ಮುಚ್ಚಳ ತೆಗೆದ ಕೂಡಲೇ ಮುಗ್ಗಲು ವಾಸನೆ. ಪ್ರಯೋಗ ಕೆಟ್ಟಿತು ಎಂದುಕೊಂಡೆ. ಮುಂದಿನ ಬೆಂಚಿನ ಹುಡುಗಿ ಹೇಳಿದಳು: “ಗಾಳಿ ಆಡಿಲ್ಲ ಮಿಸ್. ರಾಗಿ ಹಸಿ ಇದ್ದಾಗ ಮೂಟೆ ಕಟ್ಟಿದ್ರೂ ಹಿಂಗೇ ಮುಗ್ಗತ್ತೆ. ನಮ್ಮಜ್ಜಿ ಹರಡಿ ಕಾಲಾಡಿಸ್ತಾರೆ.” ಮಂಗಳೂರಿನ ಗೋದಾಮಿನಲ್ಲಿ ಬೀಜಕ್ಕೆ ಯಾಕೆ ಕೈಯಾಡಿಸುತ್ತಾರೆ, ಚೀಲ ಯಾಕೆ ಸಡಿಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ.

ಆ ಹತ್ತು ನಿಮಿಷದ ಕಾರಣ ಎರಡನೇ ಪಾಠದ ಮೌಲ್ಯಮಾಪನ ಹಂತ ಮುಗಿಯಲಿಲ್ಲ. ಅದಕ್ಕೆ ಅಂಕ ಕಡಿಮೆಯಾಯಿತು. ಅದು ನ್ಯಾಯವೇ, ಸಮಯದ ಅಂದಾಜನ್ನು ನಾನು ಇನ್ನೂ ಕಲಿಯಬೇಕು. ಹೊಗಳಿಕೆಯ ಮಾತೂ ಪುಸ್ತಕದಲ್ಲಿ ಇರಲಿಲ್ಲ. ಮೊದಲ ಪಾಠದ ಪುಟದಲ್ಲಿದ್ದ ಪ್ರಶ್ನಾರ್ಥಕ ಚಿಹ್ನೆಯ ಪಕ್ಕ ಒಂದು ‘ಸರಿ’ ಗುರುತು ಮಾತ್ರ ಬಂದಿತ್ತು.

ಕೊನೆಯ ದಿನ ಚಾರ್ಟನ್ನು ಶಾಲೆಗೇ ಬಿಟ್ಟು ಬಂದೆ. 1838 ಮತ್ತು 1869ರ ನಡುವೆ ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಆ ಹುಡುಗ ಪೆನ್ಸಿಲಿನಲ್ಲಿ ಒಂದು ಹಡಗು ಬರೆದಿದ್ದಾನೆ. ಅದರ ತುಂಬ ಮೂಟೆಗಳು. ಪ್ರತಿ ಮೂಟೆಯ ಮೇಲೂ ‘ಕಲ್ಲಿದ್ದಲು’ ಎಂದಿದೆ. ಮೂಲೆಯ ಒಂದೇ ಒಂದು ಸಣ್ಣ ಚೀಲದ ಮೇಲೆ ‘ಟೀ’.